ಮಗು ವಿಷದ ವಸ್ತು ನುಂಗಿದಾಗ ಏನು ಮಾಡಬೇಕು?

ಐದು ವರ್ಷದೊಳಗಿನ ಮಗು, ಅದರಲ್ಲೂ ಆಗಷ್ಟೇ ನಡೆಯಲು ಕಲಿತದ್ದು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುತ್ತದೆ. ಮಾತ್ರೆಯನ್ನೋ ಸೀಮೆಎಣ್ಣೆಯನ್ನೋ ನುಂಗಿದ್ದು ಗೊತ್ತಾದಾಗ ಯಾರ ತಪ್ಪೆಂದು ಹುಡುಕುತ್ತ ಕೂರದೆ, ಮೊದಲು ಆ ವಸ್ತುವನ್ನು ದೂರ ಸರಿಸಿ, ಬಾಯಲ್ಲಿ ಉಳಿದದ್ದನ್ನು ಉಗುಳಿಸಿ. ಮಗು ಎಚ್ಚರ ತಪ್ಪಿದ್ದು ಉಸಿರಾಡುತ್ತಿದ್ದರೆ ಮಗ್ಗುಲಾಗಿ ಮಲಗಿಸಿ ಆಂಬುಲೆನ್ಸ್ ಕರೆಯಿರಿ. ಉಸಿರಾಟವೇ ಇಲ್ಲದಿದ್ದರೆ ತಕ್ಷಣ ಸಿಪಿಆರ್ (ಎದೆಯನ್ನು ಒತ್ತುತ್ತ, ಬಾಯಿಂದ ಉಸಿರು ತುಂಬುವ ತುರ್ತು ಚಿಕಿತ್ಸೆ) ಆರಂಭಿಸಬೇಕು.

ವಾಂತಿ ಮಾಡಿಸಲೇಬೇಡಿ. ಗಾಬರಿಯಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ಉಪಾಯ ಇದೇ ಆದ್ದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಸೀಮೆಎಣ್ಣೆ ಹೊಟ್ಟೆಯಲ್ಲಿರುವುದಕ್ಕಿಂತ ಶ್ವಾಸಕೋಶಕ್ಕೆ ಇಳಿದಾಗ ಹೆಚ್ಚು ಅಪಾಯಕಾರಿ, ವಾಂತಿಯಾಗುವಾಗ ಅದು ಇಳಿಯುವುದೂ ಅಲ್ಲಿಗೇ. ಆಸಿಡ್ ಅಥವಾ ಚರಂಡಿ ಕೊಳವೆ ಶುಚಿಗೊಳಿಸುವ ದ್ರಾವಣವಾದರೆ, ಒಳಗೆ ಹೋಗುವಾಗ ಸುಟ್ಟ ಅನ್ನನಾಳವನ್ನು ಹೊರಬರುವಾಗ ಮತ್ತೊಮ್ಮೆ ಸುಡುತ್ತದೆ. ವಾಂತಿಯಾಗಲೆಂದು ಉಪ್ಪುನೀರು ಕುಡಿಸಿದರೆ ರಕ್ತದಲ್ಲಿ ಸೋಡಿಯಂ ಏರಿ, ಅದೇ ಪ್ರಾಣಕ್ಕೆ ಎರವಾಗಬಹುದು.

ಬಳಿಕ ವಿಷ ಮಾಹಿತಿ ಕೇಂದ್ರಕ್ಕೋ ಆಸ್ಪತ್ರೆಗೋ ಕರೆ ಮಾಡಿ, ನುಂಗಿದ್ದು ಏನು, ಎಷ್ಟು, ಯಾವಾಗ, ಮಗುವಿನ ತೂಕವೆಷ್ಟು ಎಂಬುದನ್ನು ತಿಳಿಸಿ. ಸ್ಟ್ರಿಪ್ಪಿನಲ್ಲಿ ಖಾಲಿಯಾದ ಗುಳಿಗಳನ್ನೂ ನೆಲದಲ್ಲಿ, ಹಾಸಿಗೆಯ ಮಡಿಕೆಯಲ್ಲಿ ಬಿದ್ದ ಮಾತ್ರೆಗಳನ್ನೂ ಎಣಿಸಿ, ಲೆಕ್ಕಕ್ಕೆ ಸಿಗದವನ್ನು ಮಗು ನುಂಗಿದೆಯೆಂದೇ ಹೇಳಿ. ಆಸ್ಪತ್ರೆಗೆ ಹೋಗುವಾಗ ಬಾಟಲಿಯನ್ನೋ ಸ್ಟ್ರಿಪ್ಪನ್ನೋ ಜೊತೆಗೆ ಒಯ್ಯಿರಿ.

ಮಗು ಆಟವಾಡುತ್ತಿದೆ ಎಂದು ಸುಮ್ಮನಾಗಬೇಡಿ. ಪ್ಯಾರಾಸಿಟಮಾಲ್ ಅತಿಯಾದಾಗ ಮೊದಲ 24 ಗಂಟೆ ಹೆಚ್ಚೇನೂ ಕಾಣದಿರಬಹುದು. ಆದರೆ ಯಕೃತ್ತನ್ನು ಉಳಿಸುವ ಪ್ರತಿಮದ್ದು 8 ಗಂಟೆಯೊಳಗೆ ಸಿಕ್ಕರೆ ಅತ್ಯಂತ ಪರಿಣಾಮಕಾರಿ. ಕಬ್ಬಿಣದ ಮಾತ್ರೆ ನುಂಗಿದ ಮಗುವಿಗೂ ವಾಂತಿ ನಿಂತು ಚೇತರಿಸಿಕೊಂಡಂತೆ ಕಂಡು, ಆಮೇಲೆ ಸ್ಥಿತಿ ಬಿಗಡಾಯಿಸುವುದುಂಟು. ಇನ್ನು ಬಟನ್ ಬ್ಯಾಟರಿ (ಕೈಗಡಿಯಾರ, ಆಟಿಕೆಗಳಲ್ಲಿರುವ ನಾಣ್ಯದಾಕಾರದ ಪುಟ್ಟ ಬ್ಯಾಟರಿ) ಅನ್ನನಾಳದಲ್ಲಿ ಸಿಕ್ಕಿಕೊಂಡರೆ 2 ಗಂಟೆಯೊಳಗೇ ಆಳವಾದ ಸುಟ್ಟಗಾಯವಾಗುತ್ತದೆ. ಅನುಮಾನ ಬಂದರೂ ಸಾಕು, ಎಕ್ಸ್‌ರೇ ಸೌಲಭ್ಯವಿರುವ ಆಸ್ಪತ್ರೆಗೆ ಧಾವಿಸಿ.

ವಿಷ ಕಣ್ಣಿಗೆ ಬಿದ್ದಿದ್ದರೆ 15ರಿಂದ 20 ನಿಮಿಷ ತಣ್ಣೀರನ್ನು ನಿಧಾನವಾಗಿ ಹರಿಸುತ್ತ ತೊಳೆಯಿರಿ; ಮೈಮೇಲೆ ಚೆಲ್ಲಿದ್ದರೆ ಬಟ್ಟೆ ಕಳಚಿ ಚರ್ಮ ತೊಳೆಯಿರಿ.

ಮನೆಯಲ್ಲಿ ಇವತ್ತೇ ಮಾಡಬಹುದಾದ ಒಂದು ಕೆಲಸವಿದೆ. ಕುಡಿಯುವ ನೀರಿನ ಅಥವಾ ತಂಪು ಪಾನೀಯದ ಬಾಟಲಿಗೆ ಸುರಿದಿಟ್ಟ ಸೀಮೆಎಣ್ಣೆ, ಫಿನಾಯಿಲ್, ಟರ್ಪೆಂಟೈನ್ ಏನಾದರೂ ಇದ್ದರೆ ಹುಡುಕಿ ತೆಗೆದು, ಅವುಗಳದೇ ಡಬ್ಬಿಯಲ್ಲಿ ಹಾಕಿ, ಬೀಗವಿರುವ ಕಪಾಟಿನಲ್ಲಿಡಿ.