ಕಪ್ಪತಗುಡ್ಡ, ಮಾಗಡಿ ಕೆರೆ ಮತ್ತು ನನ್ನ 375 ಗ್ರಾಂ ಲೆನ್ಸ್

ಹೋದ ಜನವರಿಯಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ ತೆಗೆದ ಪಟ್ಟೆತಲೆ ಹೆಬ್ಬಾತಿನ ಫೋಟೊ ಈಗ ನಮ್ಮ ಮನೆಯ ಪಡಸಾಲೆಯಲ್ಲಿದೆ. 12x8 ಇಂಚಿನ ಪ್ರಿಂಟ್. ತಲೆಯ ಹಿಂದಿನ ಎರಡು ಕಪ್ಪು ಪಟ್ಟಿ ಸ್ಪಷ್ಟವಾಗಿವೆ. ರೆಕ್ಕೆಯ ತುದಿಯ ಗರಿಗಳನ್ನು ಒಂದೊಂದಾಗಿ ಎಣಿಸಬಹುದು. ನೋಡಿದವರೆಲ್ಲ ದೂರದ ಹಕ್ಕಿಯನ್ನು ಹತ್ತಿರ ತರುವ ದೊಡ್ಡ 600 ಎಂಎಂ ಲೆನ್ಸ್ ಅಂತಲೇ ತಿಳಿಯುತ್ತಾರೆ. ಅಲ್ಲ, ಅದು 375 ಗ್ರಾಂ ತೂಕದ ಕ್ಯಾನನ್ 55-250 ಎಸ್‌ಟಿಎಂ. 55ರಿಂದ 250 ಎಂಎಂ ತನಕ ಎಳೆಯುವ ಜೂಮ್, ಎಸ್‌ಟಿಎಂ ಅನ್ನುವುದು ಅದರ ಫೋಕಸ್ ಮೋಟರಿನ ಹೆಸರು. ಅದೂ ಸೆಕೆಂಡ್ ಹ್ಯಾಂಡ್.

ಇದನ್ನು ಹಿಡಿದುಕೊಂಡು ಮೊದಲ ಸಲ ಕೆರೆ ಏರಿ ಮೇಲೆ ನಿಂತಾಗ, ನನಗೆ ಕ್ಯಾಮೆರಾ ಹಿಡಿಯಲು ಕಲಿಸಿದ ಹಿರಿಯರೊಬ್ಬರು ಪಕ್ಕದಲ್ಲೇ ಇದ್ದರು. "ತಮ್ಮಾ, ಈ ಕಡ್ಡಿಪೆಟಗಿ ತೊಗೊಂಡು ಹಕ್ಕಿ ತಗೀತಿಯೇನು? ಬರೇ ಚುಕ್ಕಿ ಬರ್ತಾವ ನೋಡು" ಅಂದರು. ಆವತ್ತು ಬಂದಿದ್ದು ಚುಕ್ಕಿಗಳೇ. ಆದರೆ ಅದು ಲೆನ್ಸಿನ ತಪ್ಪಾಗಿರಲಿಲ್ಲ, ನಾನು ನಿಂತ ಜಾಗದ ತಪ್ಪು. ಅದು ತಿಳಿಯಲು ನನಗೆ ಎರಡು ಚಳಿಗಾಲ ಬೇಕಾಯಿತು.

ಮೊದಲು ದುಡ್ಡು ಕಳೆದುಕೊಂಡ ಕಥೆ. ಶುರುವಿಗೆ ಐಎಸ್ (ಕೈ ನಡುಕ ಸರಿದೂಗಿಸುವ ವ್ಯವಸ್ಥೆ) ಇಲ್ಲದ ಹಳೇ 75-300 ಒಂದನ್ನು ನಾಲ್ಕೂವರೆ ಸಾವಿರಕ್ಕೆ ತಂದಿದ್ದೆ. 200ರ ತನಕ ಪರವಾಗಿಲ್ಲ. 300ಕ್ಕೆ ಎಳೆದರೆ ಮುಗೀತು, ಬಿಳಿ ಹಕ್ಕಿಯ ಅಂಚಿಗೆಲ್ಲ ನೇರಳೆ ಗೆರೆ. ಎರಡೂವರೆಗೆ ಮಾರಿದೆ. ಆಮೇಲೆ ಎಲ್ಲರ ಮಾತು ಕೇಳಿ ಹುಬ್ಬಳ್ಳಿಯಿಂದ ಒಂದು 150-600 ಬಾಡಿಗೆಗೆ ತಂದೆ. ಮೂರು ದಿನಕ್ಕೆ ಮೂರೂವರೆ ಸಾವಿರದ ಮೇಲಾಯಿತು.

ಆ ಮೂರು ದಿನದಲ್ಲಿ ಒಂದು ದಿನ ಡೋಣಿ ಊರಿನ ಕಡೆಯಿಂದ ಗದಗ ಜಿಲ್ಲೆಯದೇ ಆದ ಕಪ್ಪತಗುಡ್ಡ ಹತ್ತಿದೆ. ಲೆನ್ಸೇ ಎರಡು ಕೆಜಿ. ಅದಕ್ಕೊಂದು ಟ್ರೈಪಾಡ್, ಎರಡು ಲೀಟರ್ ನೀರು, ರೊಟ್ಟಿ ಬುತ್ತಿ. ಕುತ್ತಿಗೆಗೆ ಹಾಕಿಕೊಂಡರೆ ಪಟ್ಟಿ ಕೊರೆಯುತ್ತದೆ. ಕೈಯಲ್ಲಿ ಹಿಡಿದರೆ ಕಲ್ಲಿನ ದಾರಿಯಲ್ಲಿ ಆಸರೆಗೆ ಕೈಯೇ ಇಲ್ಲ. ಕೊನೆಗೆ ಬ್ಯಾಗಿನೊಳಗೆ ಇಟ್ಟೆ. ಮುಂದಿನ ತಿರುವಿನಲ್ಲೇ ಜೋಡಿ ಗೌಜಲಹಕ್ಕಿ, ಹತ್ತು ಹೆಜ್ಜೆ ದೂರದಲ್ಲಿ, ದಾರಿ ದಾಟಿ ಹುಲ್ಲಿಗೆ ಹೋದವು. ಜಿಪ್ ತೆಗೆಯುವಷ್ಟರಲ್ಲಿ ಹುಲ್ಲು ಅಲುಗಾಡುವುದಷ್ಟೇ ಉಳಿದಿತ್ತು.

ಮೇಲೆ ಹೋದರೆ ಗಾಳಿ. ಅಲ್ಲಿ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಲ್ವಾ? ಬಿಸಿಲು ತಡೆಯಲು ಮುಂದೆ ಉದ್ದ ಹುಡ್ ಹಾಕಿದ ದೊಡ್ಡ ಲೆನ್ಸಿಗೆ ಆ ಗಾಳಿ ಹೊಡೆದರೆ ಟ್ರೈಪಾಡ್ ಸಮೇತ ನಡುಗುತ್ತದೆ. ಇನ್ನು ಒಂಬತ್ತೂವರೆ ಆಯಿತೆಂದರೆ ಕಾದ ನೆಲದಿಂದ ಬಿಸಿಗಾಳಿ ಏಳಲು ಶುರು. ನೂರು ಮೀಟರ್ ಆಚೆಯ ಹಕ್ಕಿ 600ರಲ್ಲಿ ದೊಡ್ಡದಾಗಿಯೇ ಬರುತ್ತದೆ, ಆದರೆ ನೀರಿನೊಳಗೆ ಇಟ್ಟ ಹಾಗೆ ಕಲಕಿರುತ್ತದೆ. ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ದೂರದ ಹಕ್ಕಿಯನ್ನು ಯಾವ ಲೆನ್ಸೂ ಉಳಿಸುವುದಿಲ್ಲ. ಹತ್ತಿರ ಹೋಗಬೇಕು. ಹತ್ತಿರ ಹೋಗಬೇಕಾದರೆ ಮೈ ಹಗುರ ಇರಬೇಕು. ಆ ದಿನ ಇಳಿಯುವಾಗಲೇ ತೀರ್ಮಾನ ಮಾಡಿದೆ.

55-250 ಹುಡುಕುವಾಗ ಮತ್ತೆ ಮೋಸ ಹೋದೆ. ಮೊದಲು ಸಿಕ್ಕಿದ್ದು ಆರು ಸಾವಿರಕ್ಕೆ. ಮಳೆಗಾಲದಲ್ಲಿ, ಸಂಜೆ ಬೆಳಕಿನಲ್ಲಿ, ಅವಸರದಲ್ಲಿ ನೋಡಿ ತಂದೆ. ಮನೆಗೆ ಬಂದು ಹಿಂದಿನಿಂದ ಟಾರ್ಚ್ ಬಿಟ್ಟರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂಥ ಬೂಷ್ಟು. ಒಂದೂವರೆ ಸಾವಿರ ಕೊಟ್ಟು ಕ್ಲೀನ್ ಮಾಡಿಸಿದೆ. ಎರಡೇ ತಿಂಗಳಿಗೆ ಮತ್ತೆ ಬಂತು. ಕೊನೆಗೆ ಇದ್ದದ್ದು ಇದ್ದ ಹಾಗೆ ಹೇಳಿ ಎರಡು ಸಾವಿರಕ್ಕೆ ಮಾರಿದೆ.

ಇನ್ನೊಬ್ಬರು ಎಸ್‌ಟಿಎಂ ಅಂತ ಹೇಳಿ ಅದರ ಹಿಂದಿನ ಮಾದರಿಯಾದ ಹಳೇ ಐಎಸ್ 2 ತೋರಿಸಿದರು. ಎರಡಕ್ಕೂ 58 ಎಂಎಂ ಫಿಲ್ಟರ್, ತೂಕದಲ್ಲೂ ಹೆಚ್ಚು ವ್ಯತ್ಯಾಸ ಇಲ್ಲ. ಫೋಕಸ್ ಮಾಡಿಸಿ ನೋಡಿ. ಮುಂದಿನ ಗಾಜು ತಿರುಗಿದರೆ ಅದು ಹಳೆಯದು. ಎಸ್‌ಟಿಎಂನಲ್ಲಿ ತಿರುಗುವುದಿಲ್ಲ. ಹಳೆಯದು 1.1 ಮೀಟರಿಗಿಂತ ಹತ್ತಿರ ಫೋಕಸ್ ಆಗದು, ಇದು 85 ಸೆಂಟಿಮೀಟರಿಗೂ ಆಗುತ್ತದೆ. ಇನ್ನೊಂದು ವಿಷಯ. ಕ್ಯಾಮೆರಾಕ್ಕೆ ಹಾಕದೆ ಎಸ್‌ಟಿಎಂನ ಫೋಕಸ್ ರಿಂಗ್ ತಿರುಗಿಸಿದರೆ ಏನೂ ಆಗುವುದಿಲ್ಲ. ಕೆಟ್ಟಿದೆ ಅಂದುಕೊಂಡು ಬಿಟ್ಟು ಬರಬೇಡಿ. ಅದಕ್ಕೆ ಕರೆಂಟ್ ಬೇಕು.

ಕೊನೆಗೆ ಒಳ್ಳೆಯದು ಎಂಟೂವರೆ ಸಾವಿರಕ್ಕೆ ಸಿಕ್ಕಿತು. ಹತ್ತೂವರೆಯಿಂದ ಎಂಟೂವರೆಗೆ ಹೇಗೆ ಇಳಿಸಿದೆ ಅನ್ನುವುದು ನನ್ನಲ್ಲೇ ಇರಲಿ, ಇನ್ನೂ ಒಂದೆರಡು ಲೆನ್ಸ್ ಕೊಳ್ಳುವುದಿದೆ. ಇದರ ಬೆಲೆಗೆ ಎಲ್ಲ ನಷ್ಟ ಸೇರಿಸಿದರೆ ಇಪ್ಪತ್ತು ಸಾವಿರದ ಹತ್ತಿರ ಬಂತು. ಆಗ ಹೊಸದೇ ಅಷ್ಟಕ್ಕೆ ಬರುತ್ತಿತ್ತು. ಇದು ಈಗಲೂ ಹೊಟ್ಟೆ ಉರಿಸುತ್ತದೆ.

ನನ್ನ ಕ್ಯಾಮೆರಾ ಕ್ಯಾನನ್ 200ಡಿ. ಎರಡೂ ಸೇರಿ ಒಂದು ಕೆಜಿಯ ಒಳಗೇ. ಕುತ್ತಿಗೆಯಲ್ಲಿ ಇದೆ ಅನ್ನುವುದೇ ಮರೆತು ಹೋಗುತ್ತದೆ. ಆ ಗೌಜಲಹಕ್ಕಿ ಆಮೇಲೆ ಇನ್ನೊಂದು ದಿನ ಸಿಕ್ಕಿತು, ಈ ಸಲ ಕ್ಯಾಮೆರಾ ಕೈಯಲ್ಲೇ ಇತ್ತು. ಒಂದು ಮಾತು, ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯವರನ್ನು ಕೇಳಿಕೊಂಡೇ ಹತ್ತಿ.

ಮಾಗಡಿಯಲ್ಲಿ ಏನು ಮಾಡಿದೆ ಅಂದರೆ, ಹಕ್ಕಿಯ ಹಿಂದೆ ಹೋಗುವುದು ಬಿಟ್ಟೆ. ಹೆಬ್ಬಾತು ಗಾಳಿಗೆ ಎದುರಾಗಿಯೇ ಏಳುತ್ತದೆ. ಹಾಗಾಗಿ ಗಾಳಿ ಬರುವ ಕಡೆ ಮೊದಲೇ ಹೋಗಿ ಕೂತರೆ ಅವೇ ತಲೆ ಮೇಲೆ ಬರುತ್ತವೆ. ಎಬ್ಬಿಸುವ ಕೆಲಸ ಮಾತ್ರ ಬೇಡ, ಹಿಮಾಲಯ ದಾಟಿ ಬಂದ ಜೀವ ಅವು. ಹೊಲಕ್ಕೆ ಹೋಗಲು ತಾವಾಗಿ ಏಳುತ್ತವೆ, ಕಾಯಬೇಕು. ಎಲ್ಲಿ ಕೂರುತ್ತೇನೆ, ಎಷ್ಟು ಹೊತ್ತಿಗೆ ಅನ್ನುವುದನ್ನು ಹೇಳುವುದಿಲ್ಲ. ಹೇಳಿದರೆ ಅಲ್ಲಿ ಹತ್ತು ಜನ ಸೇರುತ್ತಾರೆ, ಹಕ್ಕಿ ದಾರಿ ಬದಲಿಸುತ್ತದೆ. ಸೆಟ್ಟಿಂಗ್ ಬೇಕಾದರೆ ಇಷ್ಟು: ಶಟರ್ 1/1600 ಸೆಕೆಂಡಿನ ಆಸುಪಾಸು, ಅಪರ್ಚರ್ ಎಫ್ 7.1, ನಡುವಿನ ಫೋಕಸ್ ಪಾಯಿಂಟ್ ಒಂದೇ. 24 ಮೆಗಾಪಿಕ್ಸೆಲ್‌ನಲ್ಲಿ ಅರ್ಧಕ್ಕರ್ಧ ಕತ್ತರಿಸಿದರೂ ಅಗಲ 3000 ಪಿಕ್ಸೆಲ್ ಉಳಿಯುತ್ತದೆ. 12 ಇಂಚಿನ ಪ್ರಿಂಟಿಗೆ ಅದು ಧಾರಾಳ.

ಈ ಲೆನ್ಸ್ ನನಗೆ ಕೊಟ್ಟ ಬೆಸ್ಟ್ ಫೋಟೊ ಮಾತ್ರ ಹಕ್ಕಿಯದಲ್ಲ. ಏಪ್ರಿಲ್‌ನಲ್ಲಿ ಮುಂಡರಗಿ ಕಡೆಯ ಕಲ್ಲು ಬಯಲಿನಲ್ಲಿ ಗಂಟಲ ಬೀಸಣಿಗೆ ಬಿಚ್ಚುವ ಓತಿಕ್ಯಾತ ಸಿಕ್ಕಿತು. ಒಂದು ಕಲ್ಲಿನ ಮೇಲೆ ನಿಂತು, ಮುಂಗಾಲು ಎತ್ತಿ, ಗಂಟಲು ಬಿಚ್ಚಿತು ನೋಡಿ! ನೀಲಿ, ಕಪ್ಪು, ಕಿತ್ತಳೆ, ಬಿಸಿಲು ಆರಪಾರ ಹಾದು ಬರುತ್ತಿತ್ತು. ಹೊಟ್ಟೆಯ ಮೇಲೆ ತೆವಳುತ್ತಾ ಹೋದೆ. ಮೊಣಕೈ ತರಚಿತು. ಕಾಲು ಗಂಟೆಯಲ್ಲಿ ಒಂದು ಮೀಟರ್ ಹತ್ತಿರ ಬಂದಿದ್ದೆ. ಎರಡು ಕೆಜಿ ಲೆನ್ಸ್ ಹಿಡಿದು ಇದು ಆಗುತ್ತಿತ್ತಾ?

ನಡುವೆ ಬೇರೆ ಪ್ರಯೋಗಗಳೂ ನಡೆದವು. ಲೆನ್ಸಿನ ಮುಂದೆ ತಿರುಪಿ ಹಾಕುವ, ಎರಡು ಪಟ್ಟು ಹಿಗ್ಗಿಸುವ 2ಎಕ್ಸ್ ಕನ್ವರ್ಟರ್‌ಗೆ ಒಂಬೈನೂರು ಹಾಕಿದೆ, ದುಡ್ಡು ದಂಡ, ಅಂಚೆಲ್ಲ ಮಸುಕು. ಆದರೆ ಹಳೇ 50 ಎಂಎಂ ಲೆನ್ಸನ್ನು ಎರಡು ಲೆನ್ಸ್ ಜೋಡಿಸುವ ಕಪ್ಲಿಂಗ್ ರಿಂಗ್‌ನಿಂದ ಇದರ ಮುಂದೆ ಹಿಂದುಮುಂದಾಗಿ ಕೂರಿಸಿದೆ. ರಿಂಗ್‌ಗೆ ಇನ್ನೂರು ರೂಪಾಯಿ. 250ಕ್ಕೆ ಎಳೆದರೆ ಐದು ಪಟ್ಟು ಹಿಗ್ಗುತ್ತದೆ. ಒಂದು ಬಿಳಿಜೋಳದ ಕಾಳು ಇಡೀ ಫ್ರೇಮ್ ತುಂಬಿತು. ಫೋಕಸ್ ಕೂದಲೆಳೆಯಷ್ಟು, ಉಸಿರು ಬಿಟ್ಟರೂ ಹೋಗುತ್ತದೆ. ಇದರ ಕೆಲಸ ಇನ್ನೂ ನಡೆದಿದೆ.

ಈಗ ಮಳೆ ಶುರುವಾಗಿದೆ. ಲೆನ್ಸ್ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಕೂತಿದೆ. ಜೆಲ್ ಬಣ್ಣ ಬದಲಾದಾಗ ಹಳೇ ಹಂಚಿನಲ್ಲಿ ಸಣ್ಣ ಉರಿಯ ಮೇಲೆ ಕಾಯಿಸಿ ಮತ್ತೆ ಹಾಕುತ್ತೇನೆ. ಆ ಹಂಚನ್ನು ಅಡುಗೆಗೆ ಬಳಸುವುದಿಲ್ಲ. ವಾರಕ್ಕೊಮ್ಮೆ ಹೊರತೆಗೆದು, ಹಿಂದಿನಿಂದ ಟಾರ್ಚ್ ಬಿಟ್ಟು ನೋಡುತ್ತೇನೆ. ಇಲ್ಲಿಯ ತನಕ ಗಾಜು ಶುದ್ಧವಾಗಿದೆ.