ಸೈಕಲ್‌ಗೆ ಸಣ್ಣ ಪಂಪ್: ಡಬ್ಬಿ ಬಿಡಿ, ವಾಲ್ವ್ ನೋಡಿ

ಬೆಳಗಿನ ಹೊತ್ತು ಬುದ್ಧ ವಿಹಾರದ ಕಡೆ ಸೈಕಲ್ ಹೊಡೆಯುವವರ ಬ್ಯಾಗಿನಲ್ಲಿ ಈಗ ಒಂದು ಸಣ್ಣ ಕೈಪಂಪ್ ಇದ್ದೇ ಇರುತ್ತದೆ. ಒಳ್ಳೆಯದೇ. ಕಲಬುರಗಿ ಸುತ್ತ ರಸ್ತೆ ಬದಿಯೆಲ್ಲ ಜಾಲಿ, ಅದರ ಮುಳ್ಳು ಯಾವ ಟೈರನ್ನೂ ಬಿಡುವುದಿಲ್ಲ. ಆದರೆ ಪಂಕ್ಚರ್ ಆದಾಗ ನೋಡಿದರೆ ಪಂಪ್ ವಾಲ್ವ್‌ಗೆ ಕೂಡುವುದೇ ಇಲ್ಲ. ಕೂತರೂ ಹವಾ ಒಳಗೆ ಹೋಗುವುದಿಲ್ಲ. ಕೊನೆಗೆ ಬಿಸಿಲು ಏರುವ ಮುಂಚೆ ಸೈಕಲ್ ತಳ್ಳಿಕೊಂಡು ಊರು ಸೇರಬೇಕು. ಡಬ್ಬಿ ಮೇಲಿನ ‘120 ಪಿಎಸ್‌ಐ’ (ಪಿಎಸ್‌ಐ ಅಂದರೆ ಹವಾದ ಒತ್ತಡದ ಅಳತೆ) ನೋಡಿ ಕೊಂಡರೆ ಹೀಗೇ ಆಗುವುದು.

ಹಂತ 1: ನಿಮ್ಮ ವಾಲ್ವ್ ಯಾವುದು?

ಮೂರು ತರಹ ಇವೆ. ಸ್ಕೂಟರ್, ಬೈಕಿಗೆ ಇರುವಂಥ ದಪ್ಪನೆಯದು ಶ್ರೇಡರ್. ಗೇರ್ ಸೈಕಲ್‌ಗಳಲ್ಲಿ ಇದೇ ಜಾಸ್ತಿ. ಸಪೂರಾಗಿ, ತುದಿಯಲ್ಲಿ ಪುಟ್ಟ ನಟ್ ಇರುವುದು ಪ್ರೆಸ್ಟಾ. ಇದು ರೇಸಿಂಗ್ ಸೈಕಲ್‌ನದು. ಮೂರನೆಯದು ಹಾಲಿನವರ, ಪೇಪರ್ ಹುಡುಗರ ಸೈಕಲ್‌ನ ಹಳೇ ವಾಲ್ವ್. ಎಂಟನೇ ತರಗತಿ ಮಕ್ಕಳಿಗೆ ಸರ್ಕಾರ ಕೊಟ್ಟ ಸೈಕಲ್‌ಗಳಲ್ಲೂ ಇದೇ. ಇದರೊಳಗೆ ರಬ್ಬರ್ ವಾಲ್ವ್ ಟ್ಯೂಬ್ ಇರುತ್ತದೆ. ಹೆಚ್ಚಿನ ಮಿನಿ ಪಂಪ್‌ಗಳ ಡಬ್ಬಿಯಲ್ಲಿ ಈ ವಾಲ್ವ್‌ನ ಹೆಸರೇ ಇರುವುದಿಲ್ಲ. ಆದರೂ ಪಂಪಿನ ಬಾಯಿಯಲ್ಲಿ ಪ್ರೆಸ್ಟಾಕ್ಕೆಂದು ಇರುವ ತೂತು ಇದಕ್ಕೆ ಸಾಮಾನ್ಯವಾಗಿ ಹೊಂದುತ್ತದೆ.

ಹಂತ 2: ಟೈರ್ ದಪ್ಪವೋ, ಸಪೂರವೋ?

ಎಷ್ಟು ಹವಾ ಹಿಡಿಯುತ್ತದೆ ಎಂದು ಟೈರಿನ ಪಕ್ಕದಲ್ಲೇ ಅಚ್ಚು ಹಾಕಿರುತ್ತಾರೆ. ಸುಮಾರು 2 ಇಂಚಿನ ದಪ್ಪ ಟೈರಿಗೆ 35ರಿಂದ 50 ಪಿಎಸ್‌ಐ ಸಾಕು. ರೇಸಿಂಗ್ ಸೈಕಲ್‌ನ 25 ಮಿ.ಮೀ. ಟೈರಿಗೆ 80ರಿಂದ 100 ಬೇಕು.

ಇಲ್ಲಿ ಒಂದು ಸಣ್ಣ ಲೆಕ್ಕ ಇದೆ. ಪಂಪಿನ ಕೊಳವೆ 20 ಮಿ.ಮೀ. ಅಗಲ ಇದ್ದರೆ 100 ಪಿಎಸ್‌ಐ ತಲುಪುವ ಹೊತ್ತಿಗೆ ನೀವು ಸುಮಾರು 22 ಕಿಲೋ ಭಾರದಷ್ಟು ಒತ್ತಬೇಕು. ಕೊಳವೆ 30 ಮಿ.ಮೀ. ಆದರೆ ಅದೇ ಒತ್ತಡಕ್ಕೆ ಸುಮಾರು 50 ಕಿಲೋ! ಒಂದು ಸಿಮೆಂಟ್ ಚೀಲದ ಭಾರವನ್ನು ಎರಡು ಅಂಗೈಯಲ್ಲಿ ಒತ್ತುತ್ತೀರಾ? ಸಪೂರ ಟೈರಿಗೆ ಸಪೂರ ಕೊಳವೆಯೇ ಬೇಕು. ದಪ್ಪ ಟೈರಿನವರು ದಪ್ಪ ಕೊಳವೆ ತೊಗೊಳ್ಳಿ. ಇಲ್ಲದಿದ್ದರೆ ಇನ್ನೂರು ಸಲ ಎಳೆದು ಒತ್ತಿದರೂ ಟೈರ್ ಏಳುವುದಿಲ್ಲ. ಡಬ್ಬಿ ಮೇಲಿನ ಅಂಕಿ ಪಂಪ್ ತಾಳುವ ಒತ್ತಡದ್ದು, ನಿಮ್ಮ ತೋಳಿನದ್ದಲ್ಲ.

ಹಂತ 3: ಅಂಗಡಿಯಲ್ಲೇ ಹಚ್ಚಿ ನೋಡಿ

ಎಲ್ಲರೂ ಎಡವುವುದು ಇಲ್ಲೇ. ಆನ್‌ಲೈನ್‌ನಲ್ಲಿ ನೂರು ರೂಪಾಯಿ ಉಳಿಸುವುದಕ್ಕಿಂತ ಸೈಕಲ್ ಸಮೇತ ಅಂಗಡಿಗೆ ಹೋಗುವುದು ವಾಸಿ. ‘ಅಣ್ಣಾ, ಒಂದ್ಸಲ ಹಚ್ಚಿ ನೋಡ್ತೀನ್ರಿ’ ಅಂದರೆ ಯಾರೂ ಬೇಡ ಅನ್ನುವುದಿಲ್ಲ. ಬೇಡ ಅಂದರೆ ಬೇರೆ ಅಂಗಡಿಗೆ ನಡೆಯಿರಿ.

ಮೊದಲು ಪಂಪಿನ ಬಾಯಿಯ ಮುಚ್ಚಳ ತಿರುಗಿಸಿ ಬಿಚ್ಚಿ. ಬಹಳಷ್ಟು ಪಂಪ್‌ಗಳಲ್ಲಿ ಒಳಗೆ ಎರಡು ತುಂಡು ಇರುತ್ತವೆ: ಒಂದು ರಬ್ಬರ್ ಬುಷ್, ಅದರ ಹಿಂದೆ ಕಡ್ಡಿಯಂಥ ಮೂತಿ ಇರುವ ಪ್ಲಾಸ್ಟಿಕ್ ತುಂಡು. ರಬ್ಬರಿನ ಒಂದು ಬದಿ ತೂತು ದೊಡ್ಡದು, ಅದು ಶ್ರೇಡರ್‌ಗೆ. ಇನ್ನೊಂದು ಬದಿ ಸಣ್ಣದು, ಅದು ಪ್ರೆಸ್ಟಾಕ್ಕೆ. ಕಾರ್ಖಾನೆಯಿಂದ ಯಾವುದೋ ಒಂದಕ್ಕೆ ಜೋಡಿಸಿ ಕಳಿಸಿರುತ್ತಾರೆ. ನಿಮ್ಮದು ಇನ್ನೊಂದಾದರೆ ಎರಡೂ ತುಂಡನ್ನು ತಿರುವಿ ಹಾಕಬೇಕು. ಬರೀ ರಬ್ಬರ್ ತಿರುವಿ ಪ್ಲಾಸ್ಟಿಕ್ ಹಾಗೇ ಬಿಟ್ಟರೆ ಹವಾ ಹೋಗದು, ಅಥವಾ ಪಕ್ಕದಲ್ಲಿ ಬುಸ್ ಅಂತ ಸೋರುತ್ತದೆ. ‘ಪಂಪ್ ಕೆಟ್ಟದ್ದು ಕೊಟ್ಟ’ ಅಂತ ಅಂಗಡಿಯವನ ಮೇಲೆ ಹರಿಹಾಯುವವರಲ್ಲಿ ಅರ್ಧ ಜನ ಈ ತುಂಡು ತಿರುವದವರೇ. ಎರಡು ಬೇರೆ ಬೇರೆ ತೂತು ಇರುವ ಪಂಪಾದರೆ ಈ ರಗಳೆ ಇಲ್ಲ.

ಈಗ ಚಕ್ರದ ಹವಾ ಪೂರ್ತಿ ಬಿಡಿ. ಗಟ್ಟಿ ಇರುವ ಟೈರಿಗೆ ನಾಲ್ಕು ಸಲ ಒತ್ತಿ ‘ಚೆನ್ನಾಗಿದೆ’ ಅನ್ನುವುದು ಪರೀಕ್ಷೆ ಅಲ್ಲ. ಪ್ರೆಸ್ಟಾ ಆದರೆ ತುದಿಯ ನಟ್ ಸಡಿಲಿಸಿ, ಬೆರಳಲ್ಲಿ ಒಮ್ಮೆ ಒತ್ತಿ ಚುಸ್ ಅನ್ನಿಸಿ. ಪಂಪಿನ ಬಾಯಿಯನ್ನು ನೇರವಾಗಿ ಒಳಗೆ ತಳ್ಳಿ ಲಿವರ್ ಹಾಕಿ. ಲಿವರ್ ಸ್ವಲ್ಪ ಬಿಗಿಯಾಗಿಯೇ ಬರಬೇಕು. ಸುಮ್ನೆ ಸಡಿಲವಾಗಿ ಬಂದರೆ ಬಾಯಿ ಸರಿಯಾಗಿ ಕೂತಿಲ್ಲ. ಆಮೇಲೆ ಟೈರ್ ಗಟ್ಟಿಯಾಗುವ ತನಕ ನೀವೇ ಒತ್ತಿ, ಅಂಗಡಿ ಹುಡುಗನ ಕೈಗೆ ಕೊಡಬೇಡಿ. ಕೊನೆಯ ಇಪ್ಪತ್ತು ಒತ್ತಿನಲ್ಲಿ ಪಂಪಿನ ನಿಜ ಗುಣ ಗೊತ್ತಾಗುತ್ತದೆ. ಹಿಡಿಕೆ ಜಾರುತ್ತದೆಯಾ? ದಂಡ ಬಾಗುತ್ತದೆಯಾ? ಬುಡದಲ್ಲಿ ಹವಾ ಸೋರುತ್ತದೆಯಾ?

ನನ್ನ ಕೇಳಿದರೆ ಒಂದು ಗೇಣು ರಬ್ಬರ್ ಪೈಪ್ ಇರುವ ಪಂಪನ್ನೇ ತೊಗೊಳ್ಳಿ. ನೇರ ವಾಲ್ವ್‌ಗೆ ಸಿಕ್ಕಿಸುವ ಪಂಪ್ ಒತ್ತಿದ ಹಾಗೆಲ್ಲ ಅಲುಗಾಡಿ ವಾಲ್ವ್‌ನ ಬುಡ ಹರಿಯಬಹುದು. ಅಲ್ಲಿ ಹರಿದರೆ ಪ್ಯಾಚ್ ಕೂಡುವುದಿಲ್ಲ, ಹೊಸ ಟ್ಯೂಬೇ ಗತಿ. ತಿರುಪು ಹಾಕುವ ಪೈಪಾದರೆ ಬಿಚ್ಚುವಾಗ ಪ್ರೆಸ್ಟಾದ ಒಳಭಾಗವೂ ಜೊತೆಗೇ ಕಳಚಿ ಬರಬಹುದು. ಮನೆಯಲ್ಲೇ ಅದನ್ನು ಬಿಗಿ ಮಾಡಿಟ್ಟುಕೊಳ್ಳಿ.

ಗ್ಯಾಸ್ ಸಿಲಿಂಡರ್, ಬ್ಯಾಟರಿ ಪಂಪ್?

ಇಂಗಾಲದ ಡೈಆಕ್ಸೈಡ್ ತುಂಬಿದ 16 ಗ್ರಾಂನ ಪುಟ್ಟ ಗ್ಯಾಸ್ ಸಿಲಿಂಡರ್ ಕ್ಷಣದಲ್ಲಿ ಟೈರ್ ತುಂಬಿಸುತ್ತದೆ, ನಿಜ. ಒಂದೇ ಸಲ. ಟೈರಿನಲ್ಲಿ ಇನ್ನೊಂದು ಮುಳ್ಳು ಉಳಿದಿದ್ದರೆ ಕತೆ ಮುಗಿಯಿತು. ಆ ಗ್ಯಾಸ್ ರಬ್ಬರಿನಿಂದ ಬೇಗ ಸೋರುವುದರಿಂದ ಮರುದಿನ ಮತ್ತೆ ಹವಾ ಹಾಕಬೇಕು. ಬ್ಯಾಟರಿ ಪಂಪಿನಲ್ಲಿ ಕೈನೋವಿಲ್ಲ. ಆದರೆ ಚಾರ್ಜ್ ಮಾಡಿಡಬೇಕು. ಮೇ ತಿಂಗಳಲ್ಲಿ ನಿಲ್ಲಿಸಿದ ಕಾರಿನೊಳಗೆ ಮಾತ್ರ ಬಿಡಬೇಡಿ, ನಮ್ಮ ಬಿಸಿಲಿಗೆ ಲಿಥಿಯಂ ಬ್ಯಾಟರಿ ಹಾಳಾಗುತ್ತದೆ. ಪೆಟ್ರೋಲ್ ಬಂಕಿನ ಹವಾ ಅಂತೀರಾ? ಹಳೇ ವಾಲ್ವ್‌ಗೆ ಅದು ಕೂಡುವುದೇ ಇಲ್ಲ. ಸಪೂರ ಟ್ಯೂಬಿಗೆ ಕಾರಿನ ಹವಾ ಬಿಟ್ಟರೆ ಕಣ್ಣು ಮುಚ್ಚಿ ಬಿಡುವುದರೊಳಗೆ ಢಂ ಅನ್ನಬಹುದು.

ಕೊಂಡ ಮೇಲೆ

ಪಂಪನ್ನು ಸೈಕಲ್‌ನ ಡಂಡಿಗೆ ಕಟ್ಟಿಕೊಂಡು ಓಡಾಡುವುದು ನೋಡಲು ಚೆಂದ. ಸೇಡಂ, ಶಹಾಬಾದ್ ಕಡೆಯ ಸಿಮೆಂಟ್, ಕಲ್ಲಿನ ಧೂಳಿನಲ್ಲಿ ಅದು ಬಾಳುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಬ್ಯಾಗಿನೊಳಗೆ ಇಡಿ. ಬಾಯಿಗೆ ಧೂಳಿನ ಮುಚ್ಚಳ ಇರುವ ಪಂಪೇ ಕೊಳ್ಳಿ. ದಂಡ ಬಿಗಿಯಾದರೆ ಅರಿವೆಯಿಂದ ಒರೆಸಿ, ಒಳಗಿನ ರಬ್ಬರ್ ರಿಂಗಿಗೆ ಒಂದು ಹನಿ ಸಿಲಿಕೋನ್ ಗ್ರೀಸ್ ಹಚ್ಚಿ. ಸೀಮೆಎಣ್ಣೆ, ಇಂಜಿನ್ ಆಯಿಲ್ ಬೇಡ, ರಬ್ಬರ್ ಉಬ್ಬಿ ಪಂಪ್ ಕೂತುಬಿಡುತ್ತದೆ.