ಅಡಿಕೆ ತೋಟದ ಕಾಫಿಗೆ ನೀರು ನಿಲ್ಲಿಸಿದ ಮೇಲೆ

ಗುಬ್ಬಿ ಕಡೆ ಕಾಫಿ ಅಂದರೆ ಈಗಲೂ ನಗುವವರಿದ್ದಾರೆ. ನಮ್ಮದು ಹಳೇ ಅಡಿಕೆ ತೋಟ, 9 ಅಡಿಗೊಂದು ಮರ. ನಾಲ್ಕು ಮರದ ನಡುವೆ ಒಂದೊಂದು ರೊಬಸ್ಟಾ ಜಾತಿ ಕಾಫಿ ಗಿಡ. ಮರಗಳು ಎತ್ತರಕ್ಕೆ ಹೋಗಿರುವುದರಿಂದ ಕೆಳಗೆ ಬೆಳಕು ಚೆನ್ನಾಗಿ ಬೀಳುತ್ತದೆ. ಗಿಡಗಳು ಕಪ್ಪಗೆ ಹಸಿರಾಗಿ ಬೆಳೆದಿದ್ದವು. ಕಾಯಿ ಮಾತ್ರ ಅಲ್ಲೊಂದು ಇಲ್ಲೊಂದು.

ಎಲ್ಲರೂ ಗೊಬ್ಬರದ ಕಡೆ ಕೈ ತೋರಿಸಿದರು. ತೊಂದರೆ ಇದ್ದಿದ್ದು ನೀರಿನಲ್ಲಿ, ಅದೂ ಜಾಸ್ತಿ ನೀರಿನಲ್ಲಿ.

ಕಾಫಿ ಮೊಗ್ಗು ಗಿಣ್ಣಿನಲ್ಲಿ ಕೂತು ಒಣಹವೆಯಲ್ಲಿ ನಿದ್ದೆ ಮಾಡಬೇಕು. ಆಮೇಲೆ ಒಂದೇ ಸಲ ಜೋರು ಮಳೆ ಬಿದ್ದರೆ ಎಲ್ಲ ಒಟ್ಟಿಗೆ ಅರಳುತ್ತವೆ. ಮಲೆನಾಡಲ್ಲಿ ಇದನ್ನು ಹೂಮಳೆ ಅಂತಾರೆ. ನಮ್ಮ ಬಯಲುಸೀಮೆ ಅಡಿಕೆಗೆ ಬೇಸಿಗೆಯೆಲ್ಲ ನೀರು ಬೇಕೇ ಬೇಕು. ನೆಲ ಒಣಗುವುದೇ ಇಲ್ಲ. ಹಾಗಾಗಿ ಜನವರಿಯಲ್ಲಿ ನಾಲ್ಕು ಹೂವು, ಫೆಬ್ರವರಿಯಲ್ಲಿ ನಾಲ್ಕು. ರೊಬಸ್ಟಾಗೆ ಬೇರೆ ಗಿಡದ ಪರಾಗವೇ ಬೇಕು, ತನ್ನದು ತನಗೆ ಆಗಿಬರುವುದಿಲ್ಲ. ಪಕ್ಕದ ಗಿಡ ಅವತ್ತೇ ಅರಳದಿದ್ದರೆ ಕಾಯಿ ಎಲ್ಲಿಂದ ಕಟ್ಟಬೇಕು?

ಅದಕ್ಕೆ ಹಾಯಿ ನೀರು ಬಿಟ್ಟು ಡ್ರಿಪ್‌ಗೆ ಬಂದೆ. ಅಡಿಕೆ ಬುಡಕ್ಕೂ ಕಾಫಿ ಬುಡಕ್ಕೂ ಸುಮಾರು ಆರೂವರೆ ಅಡಿ ಅಂತರ. ಡ್ರಿಪ್ ಅಡಿಕೆ ಬುಡದಲ್ಲೇ ತೊಟ್ಟಿಕ್ಕಿದರೆ ನಡುವಿನ ಮಣ್ಣು ಒಣಗಲು ಅವಕಾಶ ಸಿಗುತ್ತದೆ. ಹಣ್ಣು ಕುಯ್ದು ಮುಗಿದ ಮೇಲೆ ಕಾಫಿಗೆ ಅಂತ ಬೇರೆ ನೀರು ಕೊಡುವುದಿಲ್ಲ. ಮಧ್ಯಾಹ್ನ ಎಲೆ ಜೋಲುತ್ತದೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ಬೆಳಗ್ಗೆ ಎದ್ದು ನೋಡಿದಾಗ ಎಲೆ ನೆಟ್ಟಗಿದ್ದರೆ ಭಯವಿಲ್ಲ. ಬೆಳಗ್ಗೆಯೂ ಜೋತಿದ್ದರೆ ಮಾತ್ರ ಇನ್ನು ಕಾಯಬಾರದು.

ಶಿವರಾತ್ರಿ ಆಸುಪಾಸಿನ ಸಿದ್ಧಗಂಗೆ ಜಾತ್ರೆ ಹೊತ್ತಿಗೆ ಮೊಗ್ಗು ಸಣ್ಣ ಮೊಂಬತ್ತಿ ತರಹ ನಿಮಿರಿರುತ್ತದೆ. ಆಗ ಸ್ಪ್ರಿಂಕ್ಲರ್ ಹಾಕುತ್ತೇನೆ. ಕೊಟ್ಟರೆ ಒಂದು ಇಂಚಿಗೆ ಕಡಿಮೆ ಇಲ್ಲದಂತೆ ಕೊಡಬೇಕು, ಒಂದೂವರೆ ಆದರೆ ಇನ್ನೂ ಒಳ್ಳೆಯದು. ಅಳತೆಗೆ ದೊಡ್ಡ ಯಂತ್ರ ಬೇಡ. ಅಲ್ಲಲ್ಲಿ ಖಾಲಿ ಡಬ್ಬ ಇಟ್ಟು, ಮಗಳ ಸ್ಕೇಲ್ ಅದ್ದಿ ನೋಡುತ್ತೇನೆ. ಅಡಿಕೆ ಮರ ಅಡ್ಡ ಬಂದು ಮರೆಯಲ್ಲಿರುವ ಗಿಡಕ್ಕೆ ನೀರು ತಲುಪುವುದಿಲ್ಲ. ಡಬ್ಬ ಇಟ್ಟರೆ ಅದು ಥಟ್ಟನೆ ಗೊತ್ತಾಗುತ್ತದೆ, ಅಲ್ವಾ?

ಒಂದು ಎಕರೆಗೆ ಒಂದು ಇಂಚು ಅಂದರೆ ಲಕ್ಷ ಲೀಟರ್. ಗಂಟೆಗೆ 9 ಸಾವಿರ ಲೀಟರ್ ಎತ್ತುವ ಬೋರ್‌ವೆಲ್‌ಗೆ ಹನ್ನೊಂದು ಗಂಟೆಗೂ ಮೇಲೆ ಕೆಲಸ. ತ್ರೀ ಫೇಸ್ ಕರೆಂಟ್ ಇರುವುದು ಏಳು ಗಂಟೆ, ಅದೂ ಕರೆಂಟಿನವರಿಗೆ ಮನಸ್ಸು ಬಂದ ಹೊತ್ತಿಗೆ. ಹಾಗಾಗಿ ತೋಟವನ್ನು ಅರ್ಧರ್ಧ ಎಕರೆ ಮಾಡಿಕೊಂಡಿದ್ದೇನೆ. ಒಂದು ಭಾಗ ಪೂರ್ತಿ ನೆನೆದ ಮೇಲೇ ಪೈಪು ಮುಂದಕ್ಕೆ. ಎಲ್ಲ ಕಡೆ ಸ್ವಲ್ಪ ಸ್ವಲ್ಪ ಚಿಮುಕಿಸಿದರೆ ಮೊಗ್ಗು ಕೆಂಪಗಾಗಿ ಅಲ್ಲೇ ಕೆಟ್ಟುಹೋಗುತ್ತದೆ. ಅಕಾಲದಲ್ಲಿ ನಾಲ್ಕು ಹನಿ ಮಳೆ ಬಂದರೂ ಇದೇ ಕಥೆ. ಆಗ ಮೋಡ ನೋಡುತ್ತಾ ಕೂರದೆ ಕೂಡಲೇ ಸ್ಪ್ರಿಂಕ್ಲರ್ ಹಾಕಿ ಕೊರತೆ ತುಂಬಬೇಕು.

ನೀರು ಕೊಟ್ಟು ವಾರ ಕಳೆಯುವಷ್ಟರಲ್ಲಿ ರೆಕ್ಕೆ, ಅಂದರೆ ಅಡ್ಡ ಕೊಂಬೆ ತುಂಬ ಬಿಳಿ ಹೂವು, ಮನೆತನಕ ಮಲ್ಲಿಗೆಯಂಥ ವಾಸನೆ. ಅರಳಿದ ಆ ಎರಡು ಮೂರು ದಿನ ಸ್ಪ್ರಿಂಕ್ಲರ್ ಮುಟ್ಟುವಂತಿಲ್ಲ, ಪರಾಗ ತೊಳೆದುಹೋಗುತ್ತದೆ. ಔಷಧಿ ಸಿಂಪಡಣೆಯೂ ಇಲ್ಲ, ತೋಟದಲ್ಲಿ ತುಡುವೆ ಜೇನಿನ ಪೆಟ್ಟಿಗೆಗಳಿವೆ. ಹೂವಾಗಿ ಎರಡು ಮೂರು ವಾರಕ್ಕೆ ಇನ್ನೊಂದು ಸಲ ಚೆನ್ನಾಗಿ ನೆನೆಸುತ್ತೇನೆ, ಇಲ್ಲದಿದ್ದರೆ ಕಟ್ಟಿದ ಕಾಯಿ ಉದುರುತ್ತದೆ.

ಕಸಿ, ಅಂದರೆ ಕೊಂಬೆ ಸವರುವ ಕೆಲಸವೂ ಸೇರಿತ್ತು. ಒಮ್ಮೆ ಕಾಯಿ ಬಿಟ್ಟ ಗಿಣ್ಣು ಮತ್ತೆ ಬಿಡುವುದಿಲ್ಲ. ಹಳೇ ರೆಕ್ಕೆ ಕತ್ತರಿಸಿ ಹೊಸದಕ್ಕೆ ಜಾಗ ಕೊಟ್ಟೆ, ಕಾಂಡದಿಂದ ನೆಟ್ಟಗೆ ಏಳುವ ಕಂಬಚಿಗುರು ಕಂಡಾಗಲೆಲ್ಲ ಕಿತ್ತೆ. ಸುಣ್ಣ ಹಾಕು ಅಂತ ಮೂಡಿಗೆರೆ ಕಡೆಯ ನೆಂಟರು ಹೇಳಿದ್ದರು. ಅಲ್ಲಿಯ ಹುಳಿ ಮಣ್ಣಿಗೆ ಅದು ಸರಿ. ನಮ್ಮ ಮಣ್ಣು ಪರೀಕ್ಷೆಯಲ್ಲಿ ಹುಳಿ ಇರಲೇ ಇಲ್ಲ, ಸುಮ್ನೆ ದುಡ್ಡು ದಂಡ.

ಈಗ ಗಿಣ್ಣಿಗೆ ಗೊಂಚಲು ಹಿಡಿಯುತ್ತಿದೆ. ಕುಯ್ಲು ಎರಡು ಸುತ್ತಿಗೆ ಮುಗಿಯುತ್ತದೆ, ಕೂಲಿಯೂ ಉಳಿಯುತ್ತದೆ. ಅರೇಬಿಕಾ ಹಾಕಬಹುದಾ ಅಂತ ಊರಿನವರು ಕೇಳುತ್ತಾರೆ. ಈ ಬಿಸಿಲಿಗೆ ಅದನ್ನು ಬಿಳಿ ಕಾಂಡಕೊರಕ ಹುಳು ಬಿಡುವುದಿಲ್ಲ, ರೊಬಸ್ಟಾನೇ ಹಾಕಿ ಅಂತೀನಿ.